ವೈರಸ್‌ಗೆ ಬಹುವಚನ ಏನು? ಮಗನ ಅರ್ಧ ಮಾರ್ಕು ಹೋಗಿದೆ

ಅರ್ಧಮಾರ್ಕಿನ ಅಪ್ಪ

ಬಲ್ಲವರು ಯಾರಾದರೂ ಹೇಳಿ. ಮಗ ಸೆಕೆಂಡ್ ಪಿಯುಸಿ. ಬಯಾಲಜಿ ಕಿರುಪರೀಕ್ಷೆಯಲ್ಲಿ ಬಹುವಚನ ಬರೆಯೋ ಪ್ರಶ್ನೆ ಇತ್ತಂತೆ. ಫಂಗಸ್‌ಗೆ ಫಂಗೈ, ಬ್ಯಾಸಿಲಸ್‌ಗೆ ಬ್ಯಾಸಿಲೈ ಅಂತ ಸರಿಯಾಗಿಯೇ ಬರೆದಿದ್ದಾನೆ. ಅದೇ ಧಾಟಿಯಲ್ಲಿ ವೈರಸ್‌ಗೆ ‘ವೈರೈ’ ಅಂದ. ಸ್ಪೆಲಿಂಗ್ ವಿ-ಐ-ಆರ್-ಐ. ಮೇಡಂ ಕೆಂಪು ಪೆನ್ನಲ್ಲಿ ಕೊನೆಗೆ ಇನ್ನೊಂದು ಐ ಸೇರಿಸಿ ಅರ್ಧ ಮಾರ್ಕು ಕಳೆದಿದ್ದಾರೆ. ಈಗ ಮನೆಯಲ್ಲಿ ದೊಡ್ಡ ಗಲಾಟೆ. ಯಾರು ಸರಿ?

ದನದ ಡಾಕ್ಟ್ರು

ಮೂವತ್ತು ವರ್ಷದಿಂದ ‘ವೈರಸ್‌ಗಳು’ ಅಂತ ಬರೆದುಕೊಂಡು ಬಂದಿದ್ದೇನೆ. ಯಾವ ಎಮ್ಮೆಯೂ ತಕರಾರು ಮಾಡಿಲ್ಲ.

ಸೆಮಿನರಿ ಬಿಟ್ಟವ

ಹುಡುಗನೂ ತಪ್ಪು, ಮೇಡಮ್ಮೂ ತಪ್ಪು. ಆದರೆ ಹುಡುಗನ ತಪ್ಪಿನಲ್ಲಿ ಒಂದು ಲೆಕ್ಕಾಚಾರ ಇದೆ. ಮೇಡಮ್ಮಿನದ್ದರಲ್ಲಿ ಅದೂ ಇಲ್ಲ.

ಎರಡು ವರ್ಷ ಲ್ಯಾಟಿನ್ ಉರು ಹೊಡೆದು ಆಮೇಲೆ ಪಾದ್ರಿ ಆಗದೆ ಮನೆಗೆ ಬಂದವನು ನಾನು. ಕಲಿತದ್ದು ಇವತ್ತು ಕೆಲಸಕ್ಕೆ ಬಂತು, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಲ್ಯಾಟಿನ್‌ನಲ್ಲಿ ‘ಉಸ್’ ಅಂತ ಮುಗಿಯುವ ಪದ ಕಂಡ ಕೂಡಲೇ ‘ಈ’ ಹಚ್ಚೋ ಹಾಗಿಲ್ಲ. ಫಂಗಸ್ ಪುಲ್ಲಿಂಗ. ಅದಕ್ಕೆ ‘ಈ’ ಬರುತ್ತದೆ. ಆದರೆ ವೈರಸ್, ಅವರ ಬಾಯಲ್ಲಿ ‘ವೀರುಸ್’, ನಪುಂಸಕಲಿಂಗ. ಈ ಗುಂಪಿನಲ್ಲಿ ‘ಉಸ್’ ಅಂತ ಮುಗಿದೂ ನಪುಂಸಕ ಆಗಿರೋ ಪದಗಳು ಬೆರಳೆಣಿಕೆ. ವೀರುಸ್ ಅಂದರೆ ವಿಷ, ಲೋಳೆ. ವುಲ್ಗುಸ್ ಅಂದರೆ ಜನಜಂಗುಳಿ. ಪೆಲಗುಸ್ ಅಂದರೆ ಕಡಲು, ಅದು ಗ್ರೀಕಿನಿಂದ ಬಂದದ್ದು. ನಮಗೆ ಈ ಮೂರನ್ನು ಒಂದೇ ಉಸಿರಲ್ಲಿ ಹೇಳಿಸುತ್ತಿದ್ದರು.

ಇನ್ನು ಮೇಡಮ್ಮಿನ ಎರಡು ‘ಐ’. ರೇಡಿಯಸ್‌ಗೆ ರೇಡಿಐ ಆಗುತ್ತದೆ, ನಿಜ. ಅಲ್ಲಿ ಮೊದಲನೇ ‘ಇ’ ಪದದ್ದೇ, ಎರಡನೆಯದು ಮಾತ್ರ ಪ್ರತ್ಯಯ. ವೀರುಸ್‌ನಲ್ಲಿ ಆ ಮೊದಲನೇ ‘ಇ’ ಎಲ್ಲಿದೆ? ‘ವೀರಿಯುಸ್’ ಅಂತ ಪದ ಇದ್ದಿದ್ದರೆ ಅವರು ಹಾಕಿದ ಕೆಂಪು ಗೆರೆ ಸರಿ ಇರುತ್ತಿತ್ತು.

ವಿಭಕ್ತಿ ಹೇಳಿಬಿಡುತ್ತೇನೆ, ಶಾಲೆಯ ಹೆಸರುಗಳಲ್ಲೇ. ಪ್ರಥಮಾ, ಸಂಬೋಧನೆ, ದ್ವಿತೀಯಾ ಮೂರಕ್ಕೂ ವೀರುಸ್. ಷಷ್ಠಿಗೆ ವೀರೀ. ಚತುರ್ಥಿಗೂ ಪಂಚಮಿಗೂ ವೀರೋ. ಬಹುವಚನದ ಕಾಲಂ ಖಾಲಿ. ಹಳೇ ರೋಮನ್ನರ ಬರಹದಲ್ಲಿ ಈ ಪದದ ಬಹುವಚನ ಸಿಕ್ಕೇ ಇಲ್ಲ.

ಅರ್ಧಮಾರ್ಕಿನ ಅಪ್ಪ

ಖಾಲಿ ಅಂದರೆ? ಎರಡು ಮೂರು ಇದ್ದರೆ ಏನು ಅನ್ನುತ್ತಿದ್ದರು?

ಸೆಮಿನರಿ ಬಿಟ್ಟವ

ಎರಡು ಮೂರು ಅಂತ ಅವರು ಎಣಿಸಿದ್ದರೆ ತಾನೆ? ಬೆಲ್ಲಗಳು ಅಂತೀವಾ ನಾವು? ಎಣ್ಣೆಗಳು, ಮಜ್ಜಿಗೆಗಳು? ಅವರಿಗೆ ವೀರುಸ್ ಅಂದರೆ ಹಾಗೆ ಸುರಿಯೋ, ಅಂಟೋ, ಗಬ್ಬುನಾರೋ ಒಂದು ವಸ್ತು. ಕ್ರಿ.ಪೂ. ಒಂದನೇ ಶತಮಾನದ ಕವಿ ಲುಕ್ರೀಶಿಯಸ್ ಇದನ್ನು ಸಮುದ್ರದ ನೀರಿನ ಅಸಹ್ಯ ಉಪ್ಪಿಗೆ ಬಳಸಿದ್ದಾನೆ. ಕಡಲ ನೀರು ಮಣ್ಣಿನಲ್ಲಿ ಇಳಿದು ಸಿಹಿಯಾಗುವಾಗ ಆ ಹೇಸಿಗೆ ರುಚಿಯ ಕಣಗಳು ಮೇಲೇ ಉಳಿಯುತ್ತವೆ ಅನ್ನುತ್ತಾನೆ. ಷಷ್ಠೀ ರೂಪ ‘ವೀರೀ’ ಅಲ್ಲಿ ಸಿಗುತ್ತದೆ. ಅದೇ ಕಾವ್ಯದಲ್ಲಿ ಇನ್ನೊಂದು ಕಡೆ ಸುಗಂಧ ತೈಲ ಮಾಡೋ ವಿಷಯ ಬರುತ್ತದೆ. ಆಲಿವ್ ಎಣ್ಣೆಗೆ ವಾಸನೆ ಇರಬಾರದು, ಇದ್ದರೆ ಅದರ ಘಾಟು ಹೂವಿನ ಪರಿಮಳ ಕೆಡಿಸುತ್ತದೆ ಅಂತ. ಆ ಘಾಟೂ ವೀರುಸ್ಸೇ, ಪಂಚಮಿಯಲ್ಲಿ ‘ವೀರೋ’.

ಹಾವಿನ ವಿಷ ಬೇಕಾ? ರೋಮನ್ ಕವಿ ವರ್ಜಿಲ್‌ನ ಜಾರ್ಜಿಕ್ಸ್ ಕಾವ್ಯದ ಮೊದಲ ಭಾಗದಲ್ಲಿ ಈ ಸಾಲಿದೆ:

‘ಇಲ್ಲೆ ಮಲುಮ್ ವೀರುಸ್ ಸೆರ್ಪೆಂತಿಬುಸ್ ಅದ್ದಿದಿತ್ ಆತ್ರೀಸ್.’

ಅವನು, ಅಂದರೆ ರೋಮನ್ನರ ದೇವರಾಜ ಜುಪಿಟರ್, ಕಪ್ಪು ಹಾವುಗಳಿಗೆ ಕೆಟ್ಟ ವಿಷ ಸೇರಿಸಿದ. ಇಲ್ಲಿ ವೀರುಸ್ ಕರ್ಮಪದ. ಪುಲ್ಲಿಂಗ ಆಗಿದ್ದರೆ ದ್ವಿತೀಯೆಯಲ್ಲಿ ‘ವೀರುಂ’ ಆಗಬೇಕಿತ್ತು. ಆಗಿಲ್ಲ. ಇದು ನಪುಂಸಕ ಅನ್ನೋದಕ್ಕೆ ಈ ಒಂದು ಸಾಲು ಸಾಕು.

ಹಳೇ ಮೇಷ್ಟ್ರು

ಮಾರಾಯ್ರೆ, ಆ ಸಾಲನ್ನು ಇನ್ನೊಮ್ಮೆ ಓದಿ. ಸೆರ್ಪೆಂತಿಬುಸ್‌ನಲ್ಲಿ ನಮ್ಮ ಸರ್ಪ ಕೂತಿದೆ. ವೀರುಸ್‌ನಲ್ಲಿ ನಮ್ಮ ವಿಷ.

ನಪುಂಸಕದ ವಿಷಯವೂ ಹೊಸದೇನಲ್ಲ. ಸಂಸ್ಕೃತದಲ್ಲಿ ಫಲಂ, ಫಲಂ. ಪ್ರಥಮೆಗೂ ದ್ವಿತೀಯೆಗೂ ಒಂದೇ ರೂಪ. ಕನ್ನಡದಲ್ಲೂ ‘ನೀರು ಕುಡಿ’ ಅಂತೀವಿ, ‘ನೀರನ್ನು’ ಅಂತ ಹೇಳಲೇಬೇಕಿಲ್ಲ. ‘ಹುಡುಗ ಕರಿ’ ಅಂದರೆ ಮಾತ್ರ ಕಿವಿಗೆ ಚುಚ್ಚುತ್ತದೆ. ಸಂಸ್ಕೃತದ ವಿಷವೂ ನಪುಂಸಕವೇ: ವಿಷಂ.

ಗಾಳಿಪಟ 77

ಹಾಗಾದರೆ ಲ್ಯಾಟಿನ್‌ನವರು ಸಂಸ್ಕೃತದಿಂದ ಎತ್ತಿಕೊಂಡಿದ್ದಾರೆ ಅಂತಾಯ್ತು. ವಿಷ → ವೀರುಸ್. ಕೇಸ್ ಕ್ಲೋಸ್ 😀

ಹಳೇ ಮೇಷ್ಟ್ರು

ಇಲ್ಲ. ಅಕ್ಕತಂಗಿಯರನ್ನು ನೋಡಿ ತಾಯಿಮಗಳು ಅಂದ ಹಾಗಾಯ್ತು.

ವಿಷದಲ್ಲಿ ‘ಷ’ ಇದೆ. ವೀರುಸ್‌ನಲ್ಲಿ ಆ ಜಾಗದಲ್ಲಿ ‘ರ’. ಮೂಲದಲ್ಲಿ ಇದ್ದದ್ದು ಎರಡೂ ಅಲ್ಲ, ಬರೀ ‘ಸ’. ಸಂಸ್ಕೃತದಲ್ಲಿ ಇ, ಉ ಥರದ ಸ್ವರದ ಮುಂದೆ ‘ಸ’ ಬಂದರೆ ‘ಷ’ ಆಗುತ್ತದೆ. ರಮಾಸು, ಆದರೆ ರಾಮೇಷು. ಶಬ್ದರೂಪ ಉರು ಹೊಡೆದವರಿಗೆ ನೆನಪಿರುತ್ತದೆ, ಏಟು ತಿಂದವರಿಗೆ ಇನ್ನೂ ಚೆನ್ನಾಗಿ ನೆನಪಿರುತ್ತದೆ. ಲ್ಯಾಟಿನ್‌ನಲ್ಲಿ ಎರಡು ಸ್ವರದ ನಡುವೆ ಸಿಕ್ಕಿಕೊಂಡ ‘ಸ’ ‘ರ’ ಆಯಿತು. ಹೂವಿಗೆ ಅವರು ಫ್ಲೋಸ್ ಅನ್ನುತ್ತಾರೆ, ಹೂವಿನ ಅನ್ನೋದಕ್ಕೆ ಫ್ಲೋರಿಸ್. ಗ್ರೀಕರು ಇನ್ನೂ ಸೋಮಾರಿಗಳು. ಮೊದಲಿನ ‘ವ’ ಬಿಟ್ಟರು, ನಡುವಿನ ‘ಸ’ ನುಂಗಿದರು, ಉಳಿದದ್ದು ‘ಇಓಸ್’. ಅದಕ್ಕೂ ಅರ್ಥ ವಿಷವೇ. ಮೂವರೂ ಒಂದೇ ಹಳೇ ಪದವನ್ನು ತಮ್ಮ ತಮ್ಮ ಬಾಯಿಗೆ ತಕ್ಕ ಹಾಗೆ ಸವೆಸಿದ್ದಾರೆ. ಯಾರೂ ಯಾರಿಂದಲೂ ಕದ್ದಿಲ್ಲ.

ಸಾರು ಸಾರಮ್ಮ

ಮೇಷ್ಟ್ರೇ, ಈ ಷ-ರ ಆಟಕ್ಕೆ ಇನ್ನೊಂದು ಉದಾಹರಣೆ ಇದೆಯಾ? ಒಂದೇ ಒಂದು ತೋರಿಸಿದರೆ ನಂಬೋದು ಕಷ್ಟ.

ಹಳೇ ಮೇಷ್ಟ್ರು

ಇದೆ ತಾಯಿ, ನಿಮ್ಮ ಮನೆಯಲ್ಲೇ. ಸಂಸ್ಕೃತದ ಸ್ನುಷಾ, ಲ್ಯಾಟಿನ್‌ನ ನುರುಸ್. ಇಲ್ಲೂ ಷ ಇದ್ದ ಕಡೆ ರ. ಶಾಲೆಯ ತತ್ಸಮ-ತದ್ಭವ ಪಟ್ಟಿಯಲ್ಲಿ ಸ್ನುಷಾ ಮುಂದೆ ಏನು ಬರೆದಿರುತ್ತಾರೆ ನೆನಪಿದೆಯಾ? ಸೊಸೆ.

ಸಾರು ಸಾರಮ್ಮ

ವಿಷದ ಉದಾಹರಣೆ ಕೇಳಿದರೆ ಸೊಸೆ ಅಂತೀರಲ್ಲ. ನಾನೂ ಒಬ್ಬರ ಸೊಸೆ ಕಣ್ರೀ 😂

ಹಳೇ ಮೇಷ್ಟ್ರು

ತಪ್ಪಾಯ್ತು. ಅತ್ತೆಗೆ ಲ್ಯಾಟಿನ್‌ನಲ್ಲಿ ಸೋಕ್ರುಸ್, ಸಂಸ್ಕೃತದಲ್ಲಿ ಶ್ವಶ್ರೂ. ಅದೂ ನೆಂಟಸ್ತನದ ಪದವೇ. ಲೆಕ್ಕ ಸರಿಹೋಯಿತಲ್ಲ.

ಕೋಡ್ ಕುಟ್ಟುವವ

ಮೇಡಮ್ಮಿನ ಎರಡು ‘ಐ’ ಎಲ್ಲಿಂದ ಬಂತು ಅಂತ ನನಗೆ ಒಂದು ಅಂದಾಜಿದೆ. 90ರ ದಶಕದಲ್ಲಿ ಕಂಪ್ಯೂಟರ್ ವೈರಸ್ ಬರೆಯೋ ಹುಡುಗರು ಅದನ್ನೇ ಬಳಸುತ್ತಿದ್ದರು. ನೋಡೋಕೆ ಗತ್ತಾಗಿ ಕಾಣುತ್ತೆ ಅಂತ. ಕಂಪ್ಯೂಟರ್‌ಗೆ ಈ ಹೆಸರು ಅಂಟಿದ್ದು 80ರ ದಶಕದಲ್ಲಿ. ಫ್ರೆಡ್ ಕೋಹೆನ್ 1984ರ ಪ್ರಬಂಧದಲ್ಲಿ ಬಳಸಿದರು, ಹೆಸರು ಸೂಚಿಸಿದ್ದು ಅವರ ಗುರು ಲೆನ್ ಏಡಲ್‌ಮನ್. ಆರ್‌ಎಸ್‌ಎ ಅನ್ನೋ ಗೂಢಲಿಪಿ ವಿಧಾನದ ಹೆಸರಲ್ಲಿ ‘ಎ’ ಅವರೇ.

ನನ್ನ ಪ್ರಶ್ನೆ ಬೇರೆ. ಕಾರ್ಪಸ್‌ಗೆ ಕಾರ್ಪೊರಾ, ಜೀನಸ್‌ಗೆ ಜೆನೆರಾ. ಅವೂ ‘ಉಸ್’, ಅವೂ ನಪುಂಸಕ. ಹಾಗಾದರೆ ‘ವೀರೊರಾ’ ಯಾಕಲ್ಲ?

ಸೆಮಿನರಿ ಬಿಟ್ಟವ

ಒಳ್ಳೇ ಪ್ರಶ್ನೆ. ಲ್ಯಾಟಿನ್‌ನಲ್ಲಿ ಪದದ ಜಾತಕ ಪ್ರಥಮೆಯಲ್ಲಿ ಇರೋದಿಲ್ಲ, ಷಷ್ಠಿಯಲ್ಲಿರುತ್ತದೆ. ಅದಕ್ಕೇ ನಿಘಂಟುಗಳಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟಿರುತ್ತಾರೆ. ಕೊರ್ಪುಸ್, ಕೊರ್ಪೊರಿಸ್. ಗೆನುಸ್, ಗೆನೆರಿಸ್. ಅಲ್ಲಿ ಷಷ್ಠಿಯಲ್ಲೇ ‘ಓರ್’, ‘ಎರ್’ ತಲೆ ಎತ್ತುತ್ತದೆ. ಮೇಷ್ಟ್ರು ಹೇಳಿದ ಸ-ರ ಆಟವೇ ಅದೂ. ಆದರೆ ವೀರುಸ್‌ಗೆ ಷಷ್ಠಿ ‘ವೀರೀ’. ಅಂದ ಮೇಲೆ ಅದು ಆ ಗುಂಪಿನದ್ದಲ್ಲ.

ಬಹುವಚನ ಬೇಕೇ ಬೇಕು ಅಂದರೆ ಏನು ಮಾಡಬೇಕು? ಲ್ಯಾಟಿನ್ ನಪುಂಸಕಕ್ಕೆ ಬಹುವಚನದಲ್ಲಿ ‘ಅ’ ಬರುತ್ತದೆ. ಬ್ಯಾಕ್ಟೀರಿಯಂ-ಬ್ಯಾಕ್ಟೀರಿಯಾ ಇದ್ದ ಹಾಗೆ. ಆ ಲೆಕ್ಕದಲ್ಲಿ ‘ವೀರ’. ಈಗಲೂ ಲ್ಯಾಟಿನ್‌ನಲ್ಲಿ ಬರೆಯುವ ಕೆಲವರು ಇದನ್ನು ಬಳಸುತ್ತಾರೆ.

ಗಾಳಿಪಟ 77

ನಾವು ‘ಬ್ಯಾಕ್ಟೀರಿಯಾಗಳು’ ಅಂತೀವಲ್ಲ, ಅದು ಬಹುವಚನದ ಮೇಲೆ ಬಹುವಚನ. ಒಂದರ ಮೇಲೊಂದು ಸ್ವೆಟರ್ ಹಾಕಿಕೊಂಡ ಹಾಗೆ.

ಫ್ರಾಂಕ್‌ಫರ್ಟ್ ಪುಟ್ಟಿ

ಇಲ್ಲಿ ಜರ್ಮನಿಯಲ್ಲೂ ಇದೇ ರಾಮಾಯಣ. ಡಾಕ್ಟರುಗಳು ‘ದಾಸ್ ವೀರುಸ್’ ಅಂತಾರೆ, ಅದು ನಪುಂಸಕ. ಬಸ್ಸಿನಲ್ಲಿ ಜನ ‘ದೇರ್ ವೀರುಸ್’ ಅಂತಾರೆ, ಅದು ಪುಲ್ಲಿಂಗ. ನಾನು ಭಾಷೆ ಕಲಿಯುವಾಗ ಎರಡೂ ಕೇಳಿ ತಲೆ ಕೆಟ್ಟಿತ್ತು. ಬಹುವಚನಕ್ಕೆ ಇವರು ಲ್ಯಾಟಿನ್ ಗೋಜಿಗೇ ಹೋಗಿಲ್ಲ, ‘ವೀರೆನ್’ ಅಂತ ತಮ್ಮದೇ ಪ್ರತ್ಯಯ ಹಚ್ಚಿದ್ದಾರೆ. ನಾವು ‘ಗಳು’ ಹಚ್ಚಿದ ಹಾಗೆ.

ಅಂದ ಹಾಗೆ, ಇಲ್ಲಿ ಯಾರೂ ‘ವೈ’ ಅನ್ನೋದಿಲ್ಲ, ‘ವೀ’ ಅಂತಾರೆ. ‘ವೈ’ ಇಂಗ್ಲಿಷಿನವರ ಬಾಯಿಂದ ನಮಗೆ ಬಂದದ್ದು ಅಲ್ವಾ?

ಸೆಮಿನರಿ ಬಿಟ್ಟವ

ಹೌದಕ್ಕ. ಇಂಗ್ಲಿಷಿನಲ್ಲಿ ದೀರ್ಘ ‘ಈ’ಗಳು ‘ಐ’ ಆಗಿಹೋದವು. ಬಸ್ ಅಂದಿರಲ್ಲ, ಅದಕ್ಕೊಂದು ಅಡ್ಡಮಾತು. ವರ್ಜಿಲ್ ಸಾಲಿನ ‘ಸೆರ್ಪೆಂತಿಬುಸ್’ ಕೊನೆ ನೋಡಿ. ‘ಹಾವುಗಳಿಗೆ’ ಅನ್ನೋದರ ‘ಗೆ’ ಇದ್ದ ಹಾಗೆ ಅದು. ‘ಎಲ್ಲರಿಗೆ’ ಅನ್ನೋದು ‘ಓಮ್ನಿಬುಸ್’. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಎಲ್ಲರೂ ಹತ್ತಬಹುದಾದ ಕುದುರೆಗಾಡಿಗೆ ಆ ಹೆಸರು ಬಂತು. ಆಮೇಲೆ ಜನ ತಲೆ ಕತ್ತರಿಸಿ ಬಾಲ ಮಾತ್ರ ಉಳಿಸಿಕೊಂಡರು. ಮೆಜೆಸ್ಟಿಕ್‌ನಲ್ಲಿ ನಿಂತು ನಾವು ಕಾಯೋದು ಒಂದು ಚತುರ್ಥಿ ಪ್ರತ್ಯಯಕ್ಕೆ.

ಕೋಡ್ ಕುಟ್ಟುವವ

ಅದಕ್ಕೇ ಅರ್ಧ ಗಂಟೆ ತಡ.

ದನದ ಡಾಕ್ಟ್ರು

ತಮಾಷೆ ಮಾಡಿ ಸುಮ್ಮನಿದ್ದೆ, ಆದರೆ ‘ಎಣಿಸದ ವಸ್ತು’ ಅಂದಿರಲ್ಲ, ಅದು ತಲೆಯಲ್ಲಿ ಉಳಿಯಿತು. ನಮ್ಮ ಕ್ಷೇತ್ರದ ಇತಿಹಾಸಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

1892ರಲ್ಲಿ ರಷ್ಯಾದ ಇವನೋವ್‌ಸ್ಕಿ ರೋಗ ಬಂದ ಹೊಗೆಸೊಪ್ಪಿನ ರಸವನ್ನು ಪಿಂಗಾಣಿ ಫಿಲ್ಟರ್‌ನಲ್ಲಿ ಸೋಸಿದ. ಬ್ಯಾಕ್ಟೀರಿಯಾ ದಾಟದ ಫಿಲ್ಟರ್ ಅದು. ಆದರೂ ಸೋಸಿದ ರಸ ಹಚ್ಚಿದರೆ ಗಿಡಕ್ಕೆ ರೋಗ ಬಂತು. 1898ರಲ್ಲಿ ಹಾಲೆಂಡಿನ ಬೈಯೆರಿಂಕ್ ಅದನ್ನೇ ಮತ್ತೆ ಮಾಡಿ, ಇದು ಕಣವೇ ಅಲ್ಲ, ಜೀವ ಇರೋ ದ್ರವ ಅಂದ. ಅವನು ಕೊಟ್ಟ ಲ್ಯಾಟಿನ್ ಹೆಸರಿಗೂ ಅದೇ ಅರ್ಥ. ವೈರಸ್ ಅನ್ನೋ ಪದವನ್ನೂ ಅದಕ್ಕೆ ಬಳಸಿದ. ಅಂದರೆ ರೋಮನ್ನರ ಸುರಿಯೋ ವಸ್ತುವೇ! ಅದೇ ವರ್ಷ ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್, ದನಗಳ ಕಾಲುಬಾಯಿ ಜ್ವರವೂ ಹೀಗೆ ಸೋಸಿದರೂ ಹೋಗದ್ದು ಅಂತ ತೋರಿಸಿದರು. ಪ್ರಾಣಿಗಳಲ್ಲಿ ಮೊದಲು ಗೊತ್ತಾದ ವೈರಸ್ ನಮ್ಮ ಕೊಟ್ಟಿಗೆಯದ್ದೇ.

1935ರಲ್ಲಿ ಸ್ಟ್ಯಾನ್ಲಿ ಹೊಗೆಸೊಪ್ಪಿನ ವೈರಸ್ಸನ್ನು ಹರಳು ಮಾಡಿ ತೆಗೆದ. 1939ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅದರ ಫೋಟೋ ಬಂತು, ಕಡ್ಡಿಕಡ್ಡಿ. ಆಗ ಒಂದು, ಎರಡು ಅಂತ ಎಣಿಸಬಹುದಾಯಿತು. ರೋಮನ್ನರಿಗೆ ಬೇಡವಾಗಿದ್ದ ಬಹುವಚನ ನಮಗೆ ಬೇಕಾದದ್ದು ಇದಕ್ಕೇ ಅನಿಸುತ್ತದೆ.

ಸೆಮಿನರಿ ಬಿಟ್ಟವ

ಡಾಕ್ಟ್ರೇ, ಒಂದನೇ ಶತಮಾನದ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ಬರೆದದ್ದು ಕೇಳಿ. ಕಚ್ಚಿದ ನಾಯಿಗೆ ಹುಚ್ಚು ಹಿಡಿದಿದ್ದರೆ, ಗಾಯದ ಮೇಲೆ ಬಟ್ಟಲು ಅಂಟಿಸಿ ಅದರ ‘ವೀರುಸ್’ ಎಳೆದು ತೆಗೆಯಬೇಕು ಅನ್ನುತ್ತಾನೆ. ಅವನು ಹೇಳಿದ್ದು ವಿಷ ಅನ್ನೋ ಅರ್ಥದಲ್ಲಿ. ರೇಬೀಸ್ ವೈರಸ್ಸಿನಿಂದಲೇ ಬರುತ್ತದೆ ಅಂತ ಗೊತ್ತಾಗೋಕೆ ಇನ್ನೂ ಸಾವಿರದೆಂಟುನೂರು ವರ್ಷ ಇತ್ತು.

ಸೊರಬದ ಹುಡುಗಿ

ಎಲ್ಲರೂ ಯುರೋಪಿನಲ್ಲೇ ಓಡಾಡುತ್ತಿದ್ದೀರಿ, ನಮ್ಮೂರ ಕಡೆಗೂ ಬನ್ನಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಆಮೇಲೆ ಜನಕ್ಕೂ ಜ್ವರ ಬಂತು. ನಮ್ಮಜ್ಜಿ ಇವತ್ತಿಗೂ ‘ಮಂಗನ ಕಾಯಿಲೆ’ ಅಂತಾರೆ. ಆ ಹೆಸರಲ್ಲಿ ವೈರಸ್ಸೂ ಇಲ್ಲ, ಲ್ಯಾಟಿನ್ನೂ ಇಲ್ಲ. ಆದರೆ ವಿಜ್ಞಾನಿಗಳ ಪಟ್ಟಿಯಲ್ಲಿ ಈಗ ಅದರ ಪ್ರಭೇದದ ಹೆಸರು ‘ಆರ್ಥೋಫ್ಲೇವಿವೈರಸ್ ಕ್ಯಾಸನೂರೆನ್ಸೆ’. ನನ್ನ ಅನುಮಾನ ಆ ಕೊನೆಯ ‘ಎನ್ಸೆ’ ಬಗ್ಗೆ. ಬೇರೆ ಪ್ರಾಣಿಗಳಿಗೆ ‘ಎನ್ಸಿಸ್’ ಅಂತಿರುತ್ತಲ್ಲ?

ಸೆಮಿನರಿ ಬಿಟ್ಟವ

ತಂಗಿ, ನೀನು ಇಡೀ ಚರ್ಚೆಗೆ ಸಾಕ್ಷಿ ತಂದೆ!

ಪಶ್ಚಿಮಘಟ್ಟದ ನೇರಳೆ ಕಪ್ಪೆಗೆ ‘ನಾಸಿಕಾಬತ್ರಾಕಸ್ ಸಹ್ಯಾದ್ರೆನ್ಸಿಸ್’ ಅಂತ ಹೆಸರು. ‘ಎನ್ಸಿಸ್’ ಅಂದರೆ ‘ಆ ಜಾಗದ’ ಅನ್ನೋ ವಿಶೇಷಣ. ಬತ್ರಾಕಸ್ ಪುಲ್ಲಿಂಗ, ಅದಕ್ಕೆ ‘ಎನ್ಸಿಸ್’. ವೈರಸ್ ನಪುಂಸಕ, ಅದಕ್ಕೆ ‘ಎನ್ಸೆ’. ವಿಶೇಷಣ ನಾಮಪದದ ಲಿಂಗಕ್ಕೆ ಹೊಂದಬೇಕು, ಸಂಸ್ಕೃತದಲ್ಲಿ ಇದ್ದ ಹಾಗೇ. ನಿಮ್ಮ ಕ್ಯಾಸನೂರು ಲ್ಯಾಟಿನ್ ನಪುಂಸಕಲಿಂಗದ ಪ್ರತ್ಯಯ ಹಾಕಿಕೊಂಡು ಓಡಾಡುತ್ತಿದೆ.

ಅರ್ಧಮಾರ್ಕಿನ ಅಪ್ಪ

ಇಷ್ಟೆಲ್ಲಾ ಸರಿ. ನನ್ನ ಮಗ ಬರೆದ ವಿ-ಐ-ಆರ್-ಐ ಪದವೇ ಅಲ್ಲವಾ ಹಾಗಾದರೆ? ಷಷ್ಠಿ ವೀರೀ ಅಂದಿರಿ, ಅಕ್ಷರ ಅವೇ ಅಲ್ವಾ?

ಸೆಮಿನರಿ ಬಿಟ್ಟವ

ಅಕ್ಷರ ಅವೇ. ಆದರೆ ‘ವೀರೀ’ ಅಂದರೆ ‘ವಿಷದ’ ಅಂತಾಯ್ತು. ಅವನು ‘ವಿಷಗಳು’ ಅನ್ನಲು ಹೊರಟಿದ್ದ. ಬಹುವಚನ ಅಂತಲೇ ಓದಿದರೆ ಅದು ಇನ್ನೊಂದು ಪದ, ಹ್ರಸ್ವದ ‘ವಿರೀ’. ಏಕವಚನ ‘ವಿರ್’, ಅಂದರೆ ಗಂಡಸು. ವಿರೀ ಅಂದರೆ ಗಂಡಸರು. ವರ್ಜಿಲನ ದೊಡ್ಡ ಕಾವ್ಯ ಶುರುವಾಗೋದೇ ‘ಆರ್ಮ ವಿರುಂಕ್ವೆ ಕನೋ’ ಅಂತ: ಆಯುಧಗಳನ್ನೂ ಆ ಗಂಡಸನ್ನೂ ಹಾಡುತ್ತೇನೆ. ಆ ವಿರುಂ ‘ವಿರ್’ನ ದ್ವಿತೀಯಾ.

ಮಗ ಬರೆದದ್ದರ ಅರ್ಥ: ಏಡ್ಸ್, ಪೋಲಿಯೋ, ಜಲಭೀತಿಗೆಲ್ಲ ಕಾರಣ ಗಂಡಸರು.

ಸಾರು ಸಾರಮ್ಮ

ಫುಲ್ ಮಾರ್ಕ್ಸ್ ಕೊಡಿ ಆ ಹುಡುಗನಿಗೆ.

ಹಳೇ ಮೇಷ್ಟ್ರು

ಇದಕ್ಕೇ ಕಾಯುತ್ತಿದ್ದೆ. ವಿರ್ ಯಾರು ಗೊತ್ತಾಯಿತಲ್ಲ? ನಮ್ಮ ವೀರ. ಅದೇ ಮೂಲ. ಒಂದು ಚೋದ್ಯ ನೋಡಿ: ಸಂಸ್ಕೃತದಲ್ಲಿ ವಿಷ ಹ್ರಸ್ವ, ವೀರ ದೀರ್ಘ. ಲ್ಯಾಟಿನ್‌ನಲ್ಲಿ ವೀರುಸ್ ದೀರ್ಘ, ವಿರ್ ಹ್ರಸ್ವ. ಅಡ್ಡಬದಲಿ ಆಗಿದೆ. ಹಾಗಾಗಿ ನಮ್ಮ ಕಿವಿಗೆ ವೀರುಸ್ ಕೇಳಿದ ಕೂಡಲೇ ವೀರನೇ ಎದ್ದು ನಿಲ್ಲುತ್ತಾನೆ, ವಿಷ ಹೊಳೆಯೋದೇ ಇಲ್ಲ. ಕನ್ನಡದಲ್ಲಿ ಎರಡಕ್ಕೂ ತದ್ಭವ ಇದೆ. ವಿಷ ಬಿಸ ಆಯಿತು, ವೀರ ಬೀರ ಆದ.

ಈಗ ನಮ್ಮ ಪತ್ರಿಕೆಗಳು ವೈರಸ್‌ಗೆ ಏನು ಬರೆಯುತ್ತವೆ? ‘ವೈರಾಣು’. ವೈರಸ್ ಅನ್ನೋ ಸದ್ದೂ ಉಳಿಯಿತು, ಶತ್ರುವಿನ ಅಣು ಅನ್ನೋ ಅರ್ಥವೂ ಬಂತು. ಕಟ್ಟಿದವರು ಜಾಣರು. ಆದರೆ ‘ವೈರ’ ಹುಟ್ಟಿದ್ದು ಎಲ್ಲಿಂದ? ವೀರದಿಂದ. ವೇದದ ಕಾಲದಲ್ಲಿ ವೈರ ಅಂದರೆ ಮನುಷ್ಯನನ್ನು ಕೊಂದದ್ದಕ್ಕೆ ತೆರಬೇಕಾದ ದಂಡ ಅನ್ನೋ ಅರ್ಥವೂ ಇತ್ತು. ಹಳೇ ಜರ್ಮನ್ ಜನರಲ್ಲಿ ಅಂಥದ್ದೇ ದಂಡಕ್ಕೆ ‘ವೆರ್‌ಗೆಲ್ಡ್’ ಅಂತ ಹೆಸರು. ಆ ‘ವೆರ್’ ಕೂಡ ಗಂಡಸೇ, ಅದೇ ವಿರ್, ಅದೇ ವೀರ.

ಹಾಗಾಗಿ ಹುಡುಗ ಮಾಡಿದ ತಪ್ಪನ್ನೇ ಕನ್ನಡವೂ ಮಾಡಿದೆ. ಇಬ್ಬರೂ ವಿಷದ ಮನೆಯ ಪದವನ್ನು ವೀರನ ಮನೆಗೆ ಕೊಟ್ಟು ಬಂದಿದ್ದಾರೆ. ಹಿಂದಿಯವರ ‘ವಿಷಾಣು’ ಮಾತ್ರ ತವರಿನಲ್ಲೇ ಉಳಿದಿದೆ.

ಗಾಳಿಪಟ 77

ಅಂದರೆ ವೈರಾಣು ಬಿಟ್ಟು ವಿಷಾಣು ಅನ್ನಬೇಕಾ?

ಹಳೇ ಮೇಷ್ಟ್ರು

ಯಾಕೆ? ಪದ ಜನಕ್ಕೆ ಅರ್ಥವಾಗುತ್ತಿದೆ. ನಾನು ನೆಂಟಸ್ತನ ಹೇಳಿದೆ, ಆಸ್ತಿ ಭಾಗ ಮಾಡಲಿಲ್ಲ.

ಅರ್ಧಮಾರ್ಕಿನ ಅಪ್ಪ

ಅಪ್‌ಡೇಟ್. ಮಗ ಇದನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿದ. ಮೇಡಂ ಪಾಪ ಕೂತು ಪೂರ್ತಿ ಓದಿದರಂತೆ. ‘ಬೋರ್ಡ್ ಪರೀಕ್ಷೆಯಲ್ಲಿ ಸುಮ್ನೆ ವೈರಸಸ್ ಅಂತ ಬರಿ’ ಅಂದರಂತೆ. ಅರ್ಧ ಮಾರ್ಕು ವಾಪಸ್ ಬಂದಿಲ್ಲ, ಮಾರ್ಕ್ಸ್ ಆಗಲೇ ಕಂಪ್ಯೂಟರ್‌ಗೆ ಹೋಗಿದೆ. ಸೊಸೆ-ನುರುಸ್ ಭಾಗ ಮಾತ್ರ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದರಂತೆ.

ದನದ ಡಾಕ್ಟ್ರು

ನಮ್ಮ ಆಸ್ಪತ್ರೆ ಗೋಡೆಯ ಮೇಲೆ ಹೋದ ವಾರವಷ್ಟೇ ‘ಕಾಲುಬಾಯಿ ಜ್ವರದ ವೈರಾಣು’ ಅಂತ ಬರೆಸಿದ್ದೇನೆ. ಪೇಂಟರ್ ‘ವೀರಾಣು’ ಅಂತ ಬರೆದು ಹೋಗಿದ್ದ, ಬೈದು ತಿದ್ದಿಸಿದೆ. ಮೇಷ್ಟ್ರು ಹೇಳಿದ್ದು ಓದಿದ ಮೇಲೆ ಅವನಿಗೆ ಫೋನ್ ಮಾಡಿ ಇನ್ನೈವತ್ತು ರೂಪಾಯಿ ಕೊಡೋಣ ಅನಿಸುತ್ತಿದೆ.